ಗಳ ನಿಂತ ಮನೆ

ಬಸ್ಸಿನ ಟಾಪಿನ ಮೇಲೆ ಗಳ ಕಟ್ಟಿ ಕೆಳಗಿಳಿದಾಗ ಗೈಬುಸಾಬನಿಗೆ ತನ್ನ ಎರಡೂ ಅಂಗೈ ವಾಸನೆ ಹೊಡೆಯುತ್ತಿವೆ ಅನ್ನಿಸಿತು. ಬಿದಿರಿನ ವಾಸನೆ, ಅದರ ತುದಿಗೆ ನಿನ್ನೆ ಸಂಜೆ ಹಚ್ಚಿದ ಬಣ್ಣದ ವಾಸನೆ, ಬೇರೇನೂ ಅಲ್ಲ. ಆದರೂ ಅಂಗಿಯ ಚುಂಗಿಗೆ ಎರಡು ಸಲ ಒರೆಸಿಕೊಂಡ. ಆರು ಮೊಳದ ಗಳ. ವಿಜಾಪುರದ ನೇಕಾರರ ಸಂಘದ ಮ್ಯಾನೇಜರ ಹಣಮಂತರಾಯರು ಕಣ್ಣೆದುರಿಗೆ ಅಳೆಸಿ, ಕೊಯ್ಯಿಸಿ, ಎರಡೂ ತುದಿಗೆ ಕೆಂಪು ಬಣ್ಣ ಹಚ್ಚಿಸಿ ಅವನ ಕೈಗೆ ಕೊಟ್ಟಿದ್ದರು. ಟೇಪು ಕೊಟ್ಟರೆ ಒಂದು ಬೆರಳು ಹೆಚ್ಚಾಯಿತು, ಒಂದು ಬೆರಳು ಕಡಿಮೆಯಾಯಿತು ಅಂತ ಮಂದಿ ವಾದಕ್ಕೆ ನಿಲ್ಲುತ್ತಾರೆ; ಗಳಕ್ಕೆ ಎರಡೇ ಮಾತು ಗೊತ್ತು, ನಿಂತಿತು ಇಲ್ಲವೇ ನಿಲ್ಲಲಿಲ್ಲ ಅಂದಿದ್ದರು. ಬಣ್ಣ ಯಾಕೆ ಅಂತ ಗೈಬುಸಾಬ ಕೇಳಿರಲಿಲ್ಲ. ಕೇಳದೆಯೇ ಗೊತ್ತಾಗಿತ್ತು. ತುದಿ ಕೊಯ್ದರೆ ಬಣ್ಣ ಹೋಗುತ್ತದೆ. ಮೂವತ್ತು ವರ್ಷ ಕೂಡಿ ಕೆಲಸ ಮಾಡಿದ ಮನುಷ್ಯನ ಕೈಗೆ ಬಣ್ಣ ಹಚ್ಚಿದ ಗಳ ಕೊಡುವಾಗ ರಾಯರು ಅವನ ಮುಖ ನೋಡಿರಲಿಲ್ಲ, ಅಷ್ಟು ಮಾತ್ರ ಅವನಿಗೆ ನೆನಪಿತ್ತು.

"ಏ ಚಾಚಾ, ಏನಿದು, ಡೇರೆ ಹೊಡಿಯಾಕ ಹೊಂಟೀರೇನು?" ಅಂದ ಕಂಡಕ್ಟರ.

"ಮನಿ ಅಳಿಯಾಕ."

"ಯಾರವು?"

"ನೇಕಾರರವು. ತಿಕೋಟ್ಯಾಗ ನಾಕು, ಬಬಲೇಶ್ವರದಾಗ ಏಳು."

"ಉದ್ದ ಅಳೀತೀರೋ ಅಡ್ಡ ಅಳೀತೀರೋ?"

"ಎತ್ತರ."

"ಎತ್ತರ ಏನ ಅಳೀತೀರಿ ಬಿಡ್ರಿ ಅವರ ಮನಿದು. ನಿಂತ್ರ ತಲಿಗಿ ತೊಲಿ ಬಡೀತೈತಿ." ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರ ಗಂಟೆ ಎಳೆದ. ನಗಲಿಕ್ಕೆ ಹೇಳಿದ ಮಾತು ಅದು, ಅದರಲ್ಲಿ ಕೆಡುಕಿರಲಿಲ್ಲ. ಆದರೆ ಈ ಒಂದು ಮಾತನ್ನು, ಬಸ್ಸಿನ ಕಂಡಕ್ಟರನಿಗೆ ಗೊತ್ತಿದ್ದ ಈ ಒಂದೇ ಮಾತನ್ನು, ಮೂರು ತಿಂಗಳ ಹಿಂದೆ ಸೋಲಾಪುರದಲ್ಲಿ ನಿಂತು ತಾನು ಹೇಳಲಿಲ್ಲ ಅನ್ನುವುದು ಬಸ್ಸು ಅಥಣಿ ರಸ್ತೆಗೆ ಹೊರಳುವಷ್ಟರಲ್ಲಿ ಅವನ ಎದೆಯ ಮೇಲೆ ಬಂದು ಕೂತಿತು.

ಸಂಘದ ಮಗ್ಗಗಳೆಲ್ಲ ನೇಕಾರರ ಮನೆಯಲ್ಲಿಯೇ ಇದ್ದವು. ದಪ್ಪ ಚಾದರ ನೇಯುವ ಮಗ್ಗ. ಮಗ್ಗದ ತಲೆಯ ಮೇಲೆ ಮೊಳದೆತ್ತರದ ಕಟ್ಟಿಗೆಯ ಪೆಟ್ಟಿಗೆ, ಅದರ ಸುತ್ತ ಸರಪಳಿಯ ಹಾಗೆ ಪೋಣಿಸಿದ ಪಟ್ಟಿಗಳು, ಪಟ್ಟಿಗಳ ತೂತಿನಲ್ಲಿ ಬೆರಳುದ್ದದ ಗೂಟ. ಮಂದಿ ಅದಕ್ಕೆ ಡಾಬಿ ಅನ್ನುತ್ತಿದ್ದರು. ಗೂಟ ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಕೂಡುತ್ತದೆ. ಏಳುವುದು ಕೂಡುವುದು ಸೇರಿ ಚಾದರದ ಮೇಲೆ ಮೆಟ್ಟಿಲು, ಚೌಕ, ಹಣಗಿಯ ಹಲ್ಲಿನಂಥ ಅಂಚು ಮೂಡುತ್ತದೆ. ಯಾವ ಪಟ್ಟಿಗೆ ಎಷ್ಟು ಗೂಟ, ಎಲ್ಲೆಲ್ಲಿ, ಅದು ಗೈಬುಸಾಬನ ಕೆಲಸ. ಕಾಗದದ ಮೇಲೆ ಬರೆದವನಲ್ಲ. ಸಾಲಿ ಎರಡನೆಯ ಇಯತ್ತೆಗೇ ಬಿಟ್ಟವನು. ಕತ್ತಲಲ್ಲಿ ಪಟ್ಟಿಯ ಮೇಲೆ ಬೆರಳಾಡಿಸಿ ಇದು ತಿಕೋಟದ ಶಿವಶರಣಪ್ಪನ ಅಂಚು, ಇದು ಬಬಲೇಶ್ವರದ ಪೀರಾಂಬಿಯ ಚೌಕ ಅಂತ ಹೇಳುತ್ತಿದ್ದ. ಈಗ ಅದೆಲ್ಲ ಇಳಿದು ಸೋಲಾಪುರದ ಜಕಾರ್ಡು ಏರುವುದಿತ್ತು. ರಟ್ಟಿನ ಕಾರ್ಡುಗಳ ಮಾಲೆ, ಕಾರ್ಡಿನಲ್ಲಿ ತೂತು. ಅದರಲ್ಲಿ ಹೂ ಬರುತ್ತದೆ, ಬಳ್ಳಿ ಬರುತ್ತದೆ, ನವಿಲು ಬೇಕಾದರೆ ನವಿಲು ಬರುತ್ತದೆ. ಒಂದೇ ತೊಡಕು. ಆ ಯಂತ್ರ ಮಗ್ಗದ ಮೇಲೆ ಎತ್ತರದಲ್ಲಿ ಕೂಡಬೇಕು, ಅದರಿಂದ ನೂರಾರು ದಾರ ನೇರ ಕೆಳಗಿಳಿಯಬೇಕು. ನೆಲದಿಂದ ಆರು ಮೊಳ. ಮಗ್ಗ ಇರುವಲ್ಲಿ ಗಳ ನೆಟ್ಟಗೆ ನಿಂತರೆ ಆ ಮನೆಗೆ ಹೊಸ ಯಂತ್ರ. ನಿಲ್ಲದಿದ್ದರೆ ಇದ್ದ ಮಗ್ಗವನ್ನೂ ಸಂಘದವರು ಎತ್ತಿಕೊಂಡು ಬಂದು ಅಥಣಿ ರಸ್ತೆಯ ಹೊಸ ಮನೆಗಳವರಿಗೆ, ಎತ್ತರದ ಛತ್ತು ಹಾಕಿಸಿಕೊಂಡವರಿಗೆ, ಕೊಡುತ್ತಾರೆ. ಸೋಮವಾರ ಲಾರಿ ಬರುತ್ತದೆ.

ಕಿಟಕಿಯ ಹೊರಗೆ ಉತ್ತಿ ಬಿಟ್ಟ ಎರೆ ಹೊಲ ಮಳೆಗೆ ಕಾದು ಬಿದ್ದಿತ್ತು. ಪಡುವಲಿಗೆ ಮೋಡ ಎದ್ದಿತ್ತು. ಇಂಥದೇ ಒಂದು ಕಿಟಕಿಯ ಬಳಿ ಕೂತು ಸೋಲಾಪುರಕ್ಕೆ ಹೋಗುವಾಗ ರಾಯರು ಅವನಿಗೆ ಬಾಳೆಹಣ್ಣು ಸುಲಿದು ಕೊಟ್ಟಿದ್ದರು. "ನೋಡ್ರಿ ಮಿಸ್ತ್ರಿ, ನಾ ನೇರ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಗೂಟದ ಲೆಕ್ಕ ನಿಮ್ಮ ತಲಿಯೊಳಗದ. ನಾಳೆ ನೀವು ಹೋದ್ರ ಅದೂ ಹೋಗ್ತದ. ಕಾರ್ಡು ಹಂಗಲ್ಲ, ಕಪಾಟಿನಾಗ ಇಟ್ರ ಇರ್ತದ. ಯಾವ ಹುಡುಗಿ ಕೂತ್ರೂ ಎಂಟು ದಿನದಾಗ ಪೋಣಸ್ತಾಳ." ಖರೆ ಮಾತು. ಅಲ್ಲಿಯವರೆಗೆ ತಾನು ಸತ್ತ ಮೇಲೆ ಏನು ಅಂತ ಅವನು ವಿಚಾರ ಮಾಡಿರಲಿಲ್ಲ. ಈ ಮನುಷ್ಯ ಮಾಡಿದ್ದಾನೆ, ಮಾಡಿ ಕಪಾಟನ್ನೂ ತರಿಸಿಟ್ಟಿದ್ದಾನೆ.

ಸೋಲಾಪುರದ ಆ ಶೆಡ್ಡು. ತಗಡಿನ ಛತ್ತಿನ ಕೆಳಗೆ ಗುಬ್ಬಿಗಳು ಹಾರಾಡುತ್ತಿದ್ದವು, ಅಷ್ಟು ಎತ್ತರ. ಯಂತ್ರ ಎಲ್ಲಿ ಕೂತಿದೆ ಅಂತ ನೋಡಲು ಗೈಬುಸಾಬ ಕತ್ತೆತ್ತಿದ, ಇನ್ನೂ ಎತ್ತಿದ, ತಲೆಯ ಟೊಪ್ಪಿಗೆ ಹಿಂದಕ್ಕೆ ಜಾರಿ ನೆಲಕ್ಕೆ ಬಿತ್ತು. ಅಲ್ಲಿದ್ದವರು ನಕ್ಕರು. ಯಂತ್ರ ಮಾರುವವನೇ ಬಗ್ಗಿ ಟೊಪ್ಪಿಗೆ ಎತ್ತಿ, ಧೂಳು ಝಾಡಿಸಿ, ಎರಡೂ ಕೈಯಿಂದ ಕೊಟ್ಟ. ಆ ಕ್ಷಣಕ್ಕೇ ಅವನಿಗೆ ಬಬಲೇಶ್ವರದ ಮನೆಗಳು ಕಂಡಿದ್ದವು. ಮಣ್ಣಿನ ಮಾಳಿಗೆ, ಹೊಗೆ ಹಿಡಿದ ಜಂತಿ, ಬಾಗಿಲಲ್ಲಿ ಬಗ್ಗಿ ಒಳಗೆ ಹೋಗುವ ಹೆಂಗಸರು. ಕೂಡುವುದಿಲ್ಲ, ಇದು ಅಲ್ಲಿ ಕೂಡುವುದಿಲ್ಲ ಅಂತ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ರಾಯರು ಎಲ್ಲರೆದುರಿಗೆ ಕೇಳಿದರು: "ಏನಂತೀರಿ ಮಿಸ್ತ್ರಿ?" ಆಗ ಇನ್ನೊಂದು ವಿಚಾರ ಅಡ್ಡ ಬಂತು. ಛತ್ತಿನ ಮಾತು ತೆಗೆದರೆ ಇವನು ತನ್ನ ಗೂಟ ಉಳಿಸಿಕೊಳ್ಳಲು ನೆಪ ತೆಗೆದ ಅನ್ನುತ್ತಾರೆ. ಅವರು ಅಂದರೆ ಅನ್ನಲಿ. ತಾನೂ ಅದಕ್ಕಾಗಿಯೇ ಹೇಳುತ್ತಿದ್ದೇನೋ ಏನೋ? ಜಂತಿ ಕಂಡದ್ದು ಖರೆಯೋ, ಕಾಣಬೇಕು ಅಂತ ಕಂಡದ್ದೋ? ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತವನಿಗೆ ತನ್ನ ಹೊಟ್ಟೆಯೊಳಗಿನದು ಯಾವುದು, ಮಗ್ಗದ ಹಿತ ಯಾವುದು ಬೇರೆ ಮಾಡಲಿಕ್ಕೆ ಆಗಲಿಲ್ಲ. "ಚಲೋ ಅದರಿ" ಅಂದ. ಮಾಸ್ತರರೆದುರು ನಿಂತ ಹುಡುಗನ ಹಾಗೆ, ರಾಯರ ಮಾತಿನ 'ಅದ' ಅನ್ನುವುದನ್ನೇ ತಿರುಗಿ ಹೇಳಿದ್ದ. ಅವನ ಮನೆಯ ಮಾತಿನಲ್ಲಿ 'ಐತಿ' ಅನ್ನುತ್ತಾರೆ.

ಮರುವಾರ ಸಂಘದ ಠರಾವಿನಲ್ಲಿ ಬರೆದರು: ಕಸಬುದಾರ ಗೈಬುಸಾಬ ಇವರು ಸ್ವತಃ ಪರೀಕ್ಷಿಸಿ ಒಪ್ಪಿರುತ್ತಾರೆ. ಅದರ ಕೆಳಗೆ ಅವನ ಸಹಿ. ಎಪ್ಪತ್ತಾರನೆಯ ಇಸವಿ ಅದು, ಎಮರ್ಜೆನ್ಸಿಯ ಕಾಲ, ಆ ವರ್ಷ ಕಾಗದದ ಮೇಲೆ ಬಂದದ್ದಕ್ಕೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಸಹಿಯಾದ ಮೇಲೆ ರಾಯರು, ನಿಮ್ಮ ನಜಮಾ ಮನೆಯಲ್ಲೇ ಇದ್ದಾಳಲ್ಲ, ಕಾರ್ಡು ಪೋಣಿಸುವುದಕ್ಕೆ ಆಕೆಯನ್ನೇ ಕಳಿಸಿರಿ ಅಂದರು. ಮಗಳು ಆ ದಿನ ಹಾರಿ ಕುಣಿದಿದ್ದಳು. ಇವತ್ತು ಮುಂಜಾನೆ ಗಳ ಎತ್ತಿಕೊಂಡು ಹೊರಡುವಾಗಲೂ ಆಕೆ ಕೈಯಲ್ಲಿ ಒಂದು ಹರಕು ಕಾರ್ಡು ಹಿಡಿದು ಬಾಗಿಲಿಗೆ ಬಂದಿದ್ದಳು. "ಅಬ್ಬಾ, ಒಮ್ಮಿ ನೋಡ್ರಿ ಇದನ್ನ, ನಿಮಗ ತಿಳೀತೈತಿ." "ನನಗ್ಯಾಕ ಬೇ ಅದು" ಅಂದು ಮುಟ್ಟದೆ ಹೊರಬಿದ್ದಿದ್ದ. ಬಾಯಿ ತೆರೆದರೆ ಗೂಟದ ಆಸೆ, ಮುಚ್ಚಿದರೆ ಮಗಳ ಆಸೆ. ಎರಡರ ನಡುವೆ ಬಬಲೇಶ್ವರದ ಜಂತಿಗಳು ಯಾರಿಗೂ ಬೇಡವಾಗಿ ಉಳಿದಿದ್ದವು.

ತಿಕೋಟದಲ್ಲಿ ಮೊದಲ ಮೂರು ಮನೆ ಬೇಗ ಮುಗಿದವು. ಒಂದು ಮನೆಯಲ್ಲಿ ಮಾತ್ರ, ಹಂಚಿನ ಛಾವಣಿಯ ಕೆಳಗೆ, ಗಳ ಸರಾಗ ನಿಂತಿತು. ನಾಲ್ಕನೆಯದು ಶಿವಶರಣಪ್ಪನದು. ಇಬ್ಬರೂ ಕೂಡಿ ಒಂದೇ ಮಗ್ಗದ ಮೇಲೆ ಕೆಲಸ ಕಲಿತವರು. ಗಳವನ್ನು ಬಾಗಿಲಲ್ಲಿ ಓರೆಯಾಗಿ ಒಳಗೆ ತಂದು ಎತ್ತಿದರೆ ಅದು ಅರ್ಧಕ್ಕೇ ತೊಲೆಗೆ ಹೋಗಿ ಕೂತಿತು. ಮಾಳಿಗೆಯ ಮಣ್ಣು ಇಬ್ಬರ ತಲೆಯ ಮೇಲೂ ಉದುರಿತು.

"ಇನ್ನಷ್ಟ ನೂಕು, ಮ್ಯಾಲಿನ ಮಣ್ಣೆಲ್ಲಾ ಉದುರಲಿ" ಅಂದ ಶಿವಶರಣಪ್ಪ, ಲಾಳಿ ಕೈಯಲ್ಲಿ ಹಿಡಿದುಕೊಂಡೇ. "ನಮ್ಮಜ್ಜ ಗಿಡ್ಡ ಇದ್ದ ಲೇ ಗೈಬ್ಯಾ. ತನ್ನ ಅಳತೀಲೆ ಮನಿ ಕಟ್ಟ್ಯಾನ. ನಿಮ್ಮ ಮಶೀನ ಬರತೈತಿ ಅಂತ ಆ ಮುದುಕಗ ಯಾರರ ಒಂದು ಕಾರ್ಡ ಹಾಕಬೇಕಿತ್ತು."

ಒಲೆಯ ಬಳಿ ಚಹಾಕ್ಕೆ ಇಟ್ಟಿದ್ದ ಅವನ ಹೆಂಡತಿ ರುದ್ರವ್ವ ನಕ್ಕಳು. ಗೈಬುಸಾಬನೂ ನಕ್ಕ. ಮೂವರೂ ನಗುವುದು ಮುಗಿದ ಮೇಲೆ ಗಳ ಮಾತ್ರ ಹಾಗೆಯೇ ಓರೆಯಾಗಿ ನಿಂತಿತ್ತು.

"ನಿಲ್ಲಲಿಲ್ಲಲ್ಲ?"

"ನಿಲ್ಲಲಿಲ್ಲ."

"ನೀ ಸೋಲಾಪುರಕ್ಕ ಹೋಗಿದ್ದೆಲ್ಲ. ತಲಿ ಎತ್ತಿ ನೋಡಲಿಲ್ಲೇನು?"

ಗೈಬುಸಾಬ ತಲೆಯ ಮೇಲಿನ ಮಣ್ಣು ಕೊಡವಿಕೊಂಡ. ಟೊಪ್ಪಿಗೆ ತೆಗೆದು ಕೊಡವಿದ, ಮತ್ತೆ ಇಟ್ಟುಕೊಂಡ. "ನೋಡಿದ್ನೆಪಾ."

"ನೋಡಿದ್ದಿ? ಮತ್ತ?"

ಶಿವಶರಣಪ್ಪನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಗೆಳೆಯ ಏನೋ ಒಂದು ಕಾರಣ ಹೇಳುತ್ತಾನೆ, ಅದು ತನಗೂ ಒಪ್ಪಿಗೆಯಾಗುತ್ತದೆ ಅಂತ ಅವನು ಕಾಯುತ್ತಿದ್ದ. ರುದ್ರವ್ವ ಚಹಾದ ಬಸಿ ತಂದಿಟ್ಟು ಅಂದಳು: "ಬಿಡ್ರಿ, ಅವರನ್ನೇನ ಕೇಳ್ತೀರಿ. ಹೇಳಿದ್ದು ಕೇಳೂ ಮಂದಿ ಅವರು. ಅವರ ಮಾತು ಅಲ್ಲಿ ಯಾರ ಕೇಳಿರತಾರ?" ಕೇಳಿದ್ದರು. ಹತ್ತು ಮಂದಿಯ ನಡುವೆ, ಹೆಸರು ಹಿಡಿದು ಕೇಳಿದ್ದರು. ಅದನ್ನು ಹೇಳಲಾರದೆ ಚಹಾ ಕುಡಿದ. ನಾಲಿಗೆ ಸುಟ್ಟಿತು. ರಾಯರು ಕೊಟ್ಟಿದ್ದ ಹೆಸರುಗಳ ಪಟ್ಟಿಯಲ್ಲಿ ಶಿವಶರಣಪ್ಪನ ಹೆಸರಿನ ಮುಂದೆ ಅಡ್ಡ ಗೆರೆ ಎಳೆದ, ಗೆರೆ ನೆಟ್ಟಗೆ ಬರಲಿಲ್ಲ. ಹೊರಡುವಾಗ ಶಿವಶರಣಪ್ಪ ಡಾಬಿಯಿಂದ ಒಂದು ಗೂಟ ಕಿತ್ತು ಅವನ ಅಂಗಿಯ ಕಿಸೆಗೆ ಹಾಕಿದ. "ಇಟ್ಕೊ. ಹೆಂಗೂ ಒಲಿಗೆ ಹೋಗೂವು."

ತಿಕೋಟದಿಂದ ಬಬಲೇಶ್ವರಕ್ಕೆ ಜೀಪು ಸಿಕ್ಕಿತು. ಗಳವನ್ನು ಹೊರಗಡೆ ಬಗಲಿಗೆ ಹಗ್ಗದಿಂದ ಕಟ್ಟಿದರು; ಹಿಂದೆ ಮೊಳದಷ್ಟು ಹೊರಗೆ ಚಾಚಿ ಅದು ದಾರಿಯುದ್ದಕ್ಕೂ ಅಲುಗುತ್ತಿತ್ತು. ಬಬಲೇಶ್ವರದಲ್ಲಿ ಇಳಿದಲ್ಲಿಯೇ ಬಡಿಗ ಈರಯ್ಯ ಕುಂಟೆ ಕೆತ್ತುತ್ತ ಕೂತಿದ್ದ. ಗೈಬುಸಾಬ ಅವನೆದುರಿಗೆ ಗಳ ಇಳಿಸಿ ನಿಂತ. ಗರಗಸ ಅಲ್ಲಿಯೇ ಬಿದ್ದಿತ್ತು. "ತುದಿ ತೆಗೀಬೇಕೇನ್ರಿ? ಎಷ್ಟು?" ಅಂದ ಈರಯ್ಯ. ಒಂದು ಮೊಳ ಅನ್ನುವ ಮಾತು ಬಾಯಿಯವರೆಗೆ ಬಂತು. ತೆಗೆದರೆ ಗಳ ಎಲ್ಲರ ಮನೆಯಲ್ಲೂ ನಿಲ್ಲುತ್ತದೆ, ಸೋಮವಾರ ಯಂತ್ರ ಮಾತ್ರ ನಿಲ್ಲುವುದಿಲ್ಲ. "ಬ್ಯಾಡ ಬಿಡು, ಬಣ್ಣ ಐತಿ" ಅಂದ. ಈರಯ್ಯನಿಗೆ ತಿಳಿಯಲಿಲ್ಲ. ಬಣ್ಣ ಇದ್ದರೇನಾಯಿತು ಅನ್ನುವ ಹಾಗೆ ನೋಡಿ, ಮತ್ತೆ ಕೆತ್ತಲಿಕ್ಕೆ ಹತ್ತಿದ.

ಆರು ಮನೆ. ಆರರಲ್ಲೂ ಗಳ ಓರೆಯಾಗಿಯೇ ನಿಂತಿತು. ಒಂದರಲ್ಲಿ ಮುದುಕಿ ಶಂಕ್ರೆವ್ವ ಗಳಕ್ಕೆ ಕುಂಕುಮ ಹಚ್ಚಲು ಬಂದಳು, ಸರಕಾರದಿಂದ ಏನೋ ಕೊಡಲು ಬಂದಿದ್ದಾರೆ ಅಂತ ತಿಳಿದಿದ್ದಳು. ಪ್ರತಿ ಮನೆಯಲ್ಲೂ ತಲೆಯ ಮೇಲೆ ಮಣ್ಣು ಉದುರಿತು, ಪ್ರತಿ ಮನೆಯಲ್ಲೂ ಕೊಡವಿಕೊಂಡ. ಗಳದ ಮೇಲಿನ ತುದಿಯ ಕೆಂಪು ಕಾಣದ ಹಾಗೆ ಅದಕ್ಕೆ ಜಂತಿಯ ಮಸಿ ಹತ್ತಿತ್ತು.

ಏಳನೆಯದು ಪೀರಾಂಬಿಯ ಮನೆ. ಗಂಡ ಸತ್ತ ಮೇಲೂ ಮಗ್ಗ ಬಿಡದೆ ನೇಯ್ದವಳು. ಹದಿನೈದು ದಿನದ ಹಿಂದೆ ಸಂತೆಯಲ್ಲಿ ಸಿಕ್ಕು, ನಮ್ಮ ಮನೆಯಲ್ಲಿ ನಿಲ್ಲುತ್ತದೇನಣ್ಣಾ ಅಂತ ಕೇಳಿದ್ದಳು. ಆಕೆಯ ಮನೆಯ ಎತ್ತರ ಗೈಬುಸಾಬನಿಗೆ ಕಣ್ಣಲ್ಲೇ ಇತ್ತು. ಒಂದು ಮೊಳ ಕಡಿಮೆ ಬೀಳುತ್ತದವ್ವ ಅಂದು, ಬದನೆಕಾಯಿ ಆರಿಸುತ್ತ, ಮುಂದೆ ಹೋಗಿದ್ದ.

"ಬರ್ರೆಣ್ಣಾ, ಬರ್ರಿ. ನಿಮ್ಮ ದಾರೀನ ಕಾಯಾಕತ್ತಿದ್ದೆ" ಅಂದಳು ಆಕೆ. ಮುಖದಲ್ಲಿ ನಗು ತಡೆಯಲಾರದಷ್ಟಿತ್ತು. ಒಳಗೆ ಹೋದವನಿಗೆ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು: ಗೋಡೆಗೆ ಹತ್ತಿಕೊಂಡು ಮಗ್ಗ ನಿಂತಿದ್ದ ಜಾಗದಲ್ಲಿ ನೆಲ ಇರಲಿಲ್ಲ. ಮಂಚದಷ್ಟು ಅಗಲ, ಮೊಳದ ಮೇಲೆ ಎರಡು ಬೆರಳು ಆಳ, ಒಪ್ಪವಾಗಿ ಅಗೆದು, ಸೆಗಣಿ ಸಾರಿಸಿ, ಮಗ್ಗವನ್ನು ಬಿಚ್ಚಿ ಅದರೊಳಗೆ ಇಳಿಸಿ ಮತ್ತೆ ಜೋಡಿಸಿದ್ದಳು. ಅಗೆದ ಎರೆ ಮಣ್ಣು ಅಂಗಳದಲ್ಲಿ ಗುಡ್ಡೆ ಬಿದ್ದದ್ದನ್ನು ಒಳಗೆ ಬರುವಾಗ ನೋಡಿಯೂ ಅವನು ನೋಡಿರಲಿಲ್ಲ.

"ಯಾರ ಅಗದ್ರು ಬೇ ತಂಗಿ?"

"ಯಾರ ಅಗೀತಾರ? ಮೂರು ದಿನ ಹಿಡೀತು. ನೀವ ಹೇಳಿದ್ರೆಲ್ಲ, ಒಂದು ಮೊಳ ಅಂತ. ಮ್ಯಾಲ ಏರಸಾಕ ಆಗೂದಿಲ್ಲ, ಕೆಳಗ ಇಳಸಾಕ ಏನ ಧಾಡಿ? ನಿಮ್ಮ ಮ್ಯಾನೇಜರಗ ಹೊಳದಿತ್ತೇನು ಇದು?" ನಕ್ಕಳು. ಕೈಗೆ ಅರಿಬೆ ಸುತ್ತಿಕೊಂಡಿದ್ದಳು, ಅದರ ಮೇಲೆ ಕಂದು ಕಲೆ ಒಣಗಿತ್ತು. "ನಿಂದ್ರಸ್ರಿ, ನಿಂದ್ರಸ್ರಿ ನಿಮ್ಮ ಗಳ."

ತಗ್ಗಿಗೆ ಇಳಿದು ಗಳ ನಿಲ್ಲಿಸಿದ. ನಿಂತಿತು. ಇಡೀ ದಿನದಲ್ಲಿ ಎರಡನೆಯ ಸಲ ಗಳ ನೆಟ್ಟಗೆ ನಿಂತಿತು. ಜಂತಿಗೂ ಅದಕ್ಕೂ ನಡುವೆ ಎರಡು ಬೆರಳು ಬೆಳಕು. ಮೂವತ್ತು ವರ್ಷ ಗೂಟ ಇಟ್ಟು ತೆಗೆದ ಕೈ ಅದನ್ನು ನೋಡಿ ಒಂದು ಕ್ಷಣ ಹಿಗ್ಗಿತು ಕೂಡ. ಯಾರಿಗೂ ತೋಚದ್ದು ಈಕೆಗೆ ತೋಚಿತ್ತು. ಆಮೇಲೆ ಕಣ್ಣು ಗಳದಿಂದ ಗೋಡೆಗೆ ಜಾರಿತು. ತಗ್ಗು ಗೋಡೆಯ ಬುಡದ ಕಲ್ಲಿಗಿಂತ ಕೆಳಗೆ ಇಳಿದಿತ್ತು. ಬುಡದ ಕಲ್ಲುಗಳು ಬತ್ತಲೆಯಾಗಿ ಹೊರಗೆ ಬಂದಿದ್ದವು, ಅವುಗಳಡಿಯ ಎರೆ ಮಣ್ಣು ಆಗಲೇ ಬಿರಿದಿತ್ತು. ಅಲ್ಲಿಂದ ಒಂದು ಸೀಳು ಎದ್ದು, ಗೋಡೆಯಗುಂಟ ಹತ್ತಿ, ತೊಲೆ ಕೂತ ಜಾಗದವರೆಗೆ ಹೋಗಿತ್ತು. ಬೆರಳು ಇಟ್ಟರೆ ಒಳಗೆ ಹೋಗುವಷ್ಟು. ಇಟ್ಟ. ಹೋಯಿತು. ಒಂದು ದೊಡ್ಡ ಮಳೆ ಬಂದು ಎರೆ ನೀರು ಕುಡಿದರೆ ಸಾಕು, ಗೋಡೆ ಕುಸಿಯುತ್ತದೆ.

"ಪೀರಾಂಬಿ, ಗ್ವಾಡಿ ಸೀಳೇತಿ."

"ಗ್ವಾಡಿ ನಂದಣ್ಣಾ. ನೀವು ಗಳ ಅಷ್ಟ ನೋಡ್ರಿ."

"ಅಲ್ಲ ಬೇ, ಮಳಿ ಬಂತಂದ್ರ..."

"ಮಳಿ ಯಾವಾಗ ಬಂದೈತಿ ನಮ್ಮೂರಿಗಿ ಹೇಳಿ ಕೇಳಿ?" ಆಕೆಯ ನಗು ಈಗ ಇಳಿದಿತ್ತು. ತಗ್ಗಿನ ಅಂಚಿಗೆ ಕೂತು, ಕಾಲು ಕೆಳಗೆ ಬಿಟ್ಟು, ಅವನ ಮುಖವನ್ನೇ ನೋಡಿದಳು. "ಇಲ್ಲ ಅಂತ ಬರದ್ರ ಸೋಮವಾರ ಮಗ್ಗ ಎತ್ಕೊಂಡು ಹೋಗ್ತಾರ. ನನಗ ಬ್ಯಾರೆ ಕೆಲಸ ಬರೂದಿಲ್ಲ. ನಿಂತೈತಿ ಅಂತ ಬರೀತೀರಿಲ್ಲೊ?"

"ಬರೀತೀನಿ."

"ನನ್ನ ಮ್ಯಾಲ ಆಣಿ?"

"ಬರೀತೀನಿ ಅಂದ್ನೆಲ್ಲ ತಂಗಿ."

ಆಗ ಆಕೆ ಮೆತ್ತಗೆ ಕೇಳಿದಳು: "ಚಲೋ ಐತೇನಣ್ಣಾ ಆ ಮಶೀನ? ನೀವು ನೋಡೀರಿ. ನೀವು ಚಲೋ ಅಂದಿದ್ದಕ್ಕ ತರಸ್ಯಾರಂತಲ್ಲ." ಗೈಬುಸಾಬ ಕಿಸೆಯಲ್ಲಿ ಕೈ ಹಾಕಿದ. ಶಿವಶರಣಪ್ಪ ಹಾಕಿದ ಗೂಟ ಬೆರಳಿಗೆ ಸಿಕ್ಕಿತು. ಅದನ್ನು ಒತ್ತಿ ಹಿಡಿದು, ಸೋಲಾಪುರದಲ್ಲಿ ಅಂದ ಧಾಟಿಯಲ್ಲಿಯೇ, "ಚಲೋ ಐತಿ" ಅಂದ. ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಏನೂ ಬರೆಯದೆ ಮಡಚಿ ಇಟ್ಟುಕೊಂಡ. ಆಕೆಗೆ ಓದು ಬರುತ್ತಿರಲಿಲ್ಲ.

ವಿಜಾಪುರದ ಕಚೇರಿಗೆ ಬಂದಾಗ ಹೊತ್ತು ಇಳಿದಿತ್ತು. ಮಿಕ್ಕವರೆಲ್ಲ ಹೋಗಿದ್ದರು. ಗಳವನ್ನು ಮೂಲೆಯಲ್ಲಿ ನಿಲ್ಲಿಸಿದ. ಅದರ ತುದಿಯಿಂದ ಮೇಲೆ ಇನ್ನೂ ಎರಡು ಆಳು ಎತ್ತರ ಗೋಡೆ ಇತ್ತು. ರಾಯರು ಬರೆಯುತ್ತಿದ್ದವರು ತಲೆ ಎತ್ತದೆ, "ಕೂಡ್ರಿ ಮಿಸ್ತ್ರಿ, ಎರಡು ನಿಮಿಷ" ಅಂದರು. ಮೇಜಿನ ಮೇಲೆ ಕಾರ್ಡಿನ ಮಾಲೆಯೊಂದು ಬಿದ್ದಿತ್ತು, ನಮೂನೆಗೆಂದು ಸೋಲಾಪುರದವರು ಕಳಿಸಿದ್ದು. ಕೈಗೆ ಬೇರೆ ಕೆಲಸವಿಲ್ಲದೆ, ಮನಸ್ಸು ಇನ್ನೂ ಆ ಸೀಳಿನಲ್ಲಿಯೇ ಇದ್ದು, ಗೈಬುಸಾಬ ಅದರ ಮೇಲೆ ಬೆರಳಾಡಿಸಿದ. ತೂತು, ತೂತು, ಬಯಲು, ತೂತು. ಇನ್ನೊಂದು ಕಾರ್ಡು. ಅದರ ಮುಂದಿನದು. ಬೆರಳು ತಾನಾಗಿಯೇ ಸಾಗಿತು. ಗೂಟ ಇದ್ದಲ್ಲಿ ತೂತು ಇದೆ, ಅಷ್ಟೇ. ಎಳೆ ಏಳುವುದು, ಕೂಡುವುದು, ಸಾಲು ಹೆಚ್ಚು, ಮಾತು ಅದೇ. ಇಪ್ಪತ್ತು ಕಾರ್ಡು ದಾಟುವಷ್ಟರಲ್ಲಿ ಒಂದು ಬಳ್ಳಿ ಬಲಕ್ಕೆ ಬಾಗಿ ಎಲೆ ಬಿಡುವುದು ಕಣ್ಣು ಮುಚ್ಚಿದವನಿಗೆ ಕಂಡಿತು.

"ಇದು ಅಂಚಿನ ಬಳ್ಳಿ" ಅಂದ, ತನಗೇ ಹೇಳಿಕೊಳ್ಳುವವನ ಹಾಗೆ. "ಇಲ್ಲಿ ಒಂದು ತೂತು ತಪ್ಪೇತಿ. ಎಲಿ ಹರೀತೈತಿ ಇಲ್ಲಿ."

ರಾಯರು ಲೇಖಣಿ ಕೆಳಗಿಟ್ಟರು. ಕಾರ್ಡು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕದ ಚಿತ್ರದ ಹಾಳೆಯೊಡನೆ ಹೊಂದಿಸಿ ನೋಡಿದರು. ತಪ್ಪಿತ್ತು. "ಯಾವಾಗ ಕಲತ್ರಿ ಇದನ್ನ?"

"ಈಗರಿ."

ಆ ಒಂದು ಶಬ್ದದ ಹಿಂದೆಯೇ ಮೂರು ತಿಂಗಳು ಕುಸಿದು ಬಿದ್ದವು. ಗೂಟ ಹೋದರೆ ತಾನು ಹೋದೆ ಅಂತ ಅಂಜಿದ್ದು, ಆ ಅಂಜಿಕೆಯಿಂದಲೇ ಛತ್ತು ಗಿಡ್ಡ ಕಾಣುತ್ತಿದೆಯೇನೋ ಅಂತ ತನ್ನ ಮೇಲೆ ತಾನೇ ಸಂಶಯ ಪಟ್ಟದ್ದು, ಎಲ್ಲ ಒಂದು ಸಂಜೆಯ ಕೆಲಸಕ್ಕೆ. ಅಂಜಲಿಕ್ಕೆ ಏನೂ ಇರಲಿಲ್ಲ. ಛತ್ತು ಮಾತ್ರ ಗಿಡ್ಡವೇ ಇತ್ತು. "ಸಾಹೇಬ್ರ, ಸೋಲಾಪುರದಾಗ ನಾ ಸುಳ್ಳ ಹೇಳಿದ್ನಿರಿ. ನಮ್ಮ ಮನಿಗೋಳಿಗೆ ಅದು ಕೂಡೂದಿಲ್ಲ ಅಂತ ನನಗ ಆವತ್ತ ಗೊತ್ತಿತ್ತು."

"ನನಗೂ ಗೊತ್ತಿತ್ತು."

ಗೈಬುಸಾಬ ಮುಖ ಎತ್ತಿದ.

"ನಿಮ್ಮ ಟೊಪಗಿ ಬಿತ್ತಲ್ಲ, ಆಗ ನಾನೂ ಮ್ಯಾಲ ನೋಡಿದೆ" ಅಂದರು ರಾಯರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಕನ್ನಡಕವಿಲ್ಲದ ಆ ಮುಖ ಬೇರೆ ಯಾರದೋ, ಬಹಳ ದಣಿದವನದು. "ತಗೊಳ್ಳಲೇಬೇಕು ಅಂತ ಮ್ಯಾಲಿಂದ ಒತ್ತಾಯ ಇತ್ತು. ನನ್ನ ಮಾತು ಯಾರು ಕೇಳ್ತಾರ, ಮಗ್ಗ ಮುಟ್ಟಿದಾಂವಲ್ಲ ನಾನು. ಮಿಸ್ತ್ರಿ ಬ್ಯಾಡ ಅಂದ್ರು ಅಂತ ಬರೀಲಿಕ್ಕೆ ಒಂದು ಸಾಲು ಸಿಕ್ಕಿದ್ರ ಸಾಕಾಗಿತ್ತು. ಅದಕ್ಕ ಎಲ್ಲಾರ ಎದುರಿಗೆ ನಿಮ್ಮನ್ನ ಕೇಳಿದೆ. ನೀವು ಚಲೋ ಅದ ಅಂದ್ರಿ."

"ನೀವ ಹೇಳಬಹುದಿತ್ತರೆಲ್ಲ ಮತ್ತ, ಸಾಹೇಬ್ರ?"

"ಹೇಳಬಹುದಿತ್ತು." ಕನ್ನಡಕ ಮತ್ತೆ ಏರಿತು. "ಪಟ್ಟಿ ಕೊಡ್ರಿ."

ಒಂದೊಂದೇ ಹೆಸರು ಓದಿ ಅಚ್ಚು ಹಾಕಿದ ಹಾಳೆಯಲ್ಲಿ ತುಂಬಿಕೊಂಡರು. ಹಾಳೆಯಲ್ಲಿ ಎರಡೇ ಅಂಕಣ ಇದ್ದವು, ಹೌದು, ಇಲ್ಲ. ಕೊನೆಯ ಹೆಸರಿಗೆ ಕೈ ನಿಂತಿತು. "ಪೀರಾಂಬಿ. ಇಲ್ಲೇನೂ ಬರದಿಲ್ಲ ನೀವು."

"ಗಳ ನಿಂತೈತ್ರಿ. ನೆಲ ಅಗದು ನಿಂದ್ರಿಸ್ಯಾಳ. ಗ್ವಾಡಿ ಬುಡ ಸಡಲೇತಿ, ತೊಲಿತನಕ ಸೀಳೇತಿ."

"ಸೀಳು ಬರೀಲಿಕ್ಕೆ ಇದರಾಗ ಜಾಗಾ ಇಲ್ಲ." ಲೇಖಣಿ ಹಾಳೆಯ ಮೇಲೆ ತೂಗುತ್ತಿತ್ತು. ರಾಯರು ಮುಖ ನೋಡಿದರು. "ಏನಂತೀರಿ ಮಿಸ್ತ್ರಿ?"

ಅದೇ ಮಾತು, ಅದೇ ದನಿ. ಹೊರಗೆ ಎಲ್ಲೋ ಗುಡುಗಿತು. ಅರಿಬೆ ಸುತ್ತಿದ ಕೈ ಕಂಡಿತು. ತಗ್ಗಿನ ಅಂಚಿಗೆ ಕೂತು ಕಾಲು ಬಿಟ್ಟವಳು ಕಂಡಳು. ಬರೀತೀನಿ ಅಂದದ್ದು ಕೇಳಿತು.

"ಇಲ್ಲ ಅಂತ ಬರೀರಿ."

ಬರೆದರು. ಬಹಳ ಹೊತ್ತು ಬ್ಲಾಟಿಂಗ ಒತ್ತಿದರು. "ಆವತ್ತ ಈ ಮಾತು ಆಡಿದ್ರ ಹತ್ತೂ ಮನಿ ಉಳೀತಿದ್ದವು, ಗೈಬುಸಾಬ. ಇವತ್ತ ಆಡಿದ್ರಿ, ಹತ್ತನೇದು ಹೋತು." ಅದರಲ್ಲಿ ಚುಚ್ಚುವ ಧಾಟಿ ಇರಲಿಲ್ಲ. ತನಗೂ ಸೇರಿಸಿಯೇ ಹೇಳಿಕೊಂಡ ಹಾಗಿತ್ತು. "ಸೋಮವಾರ ಲಾರಿ ಹೋದಾಗ ತಿಳೀತದ ಆಕಿಗೆ. ನೀವು ಮನಿಗೆ ಹೋಗ್ರಿ, ಮಳಿ ಬರೂ ಹಂಗದ."

ಹೊರಗೆ ಬಂದಾಗ ಕಾಲ ಬಳಿ ಮೊದಲ ಹನಿ ಬಿದ್ದು ಮಣ್ಣು ಸಿಡಿಯಿತು. ಮತ್ತೊಂದು ಬಿತ್ತು. ಪಡುವಲ ಕಡೆ, ಬಬಲೇಶ್ವರದ ಕಡೆ, ಆಕಾಶ ಮಗ್ಗದ ಮೇಲೆ ಬಿಗಿದ ಕರಿ ಹಾಸಿನ ಹಾಗೆ ನೆಲದವರೆಗೆ ಇಳಿದಿತ್ತು. ಸೋಮವಾರಕ್ಕೆ ಇನ್ನೂ ಮೂರು ದಿನ. ಆ ಮೂರು ದಿನ ಆಕೆ ಗಳ ನಿಂತ ಮನೆಯಲ್ಲಿ, ನಿಂತಿದೆ ಎಂಬ ಧೈರ್ಯದಲ್ಲಿ, ಅದೇ ಗೋಡೆಯ ಬಗಲಿಗೆ ಕಾಲು ಇಳಿಬಿಟ್ಟು ನೇಯುತ್ತಾಳೆ. ಮನೆಯ ದಾರಿ ಎಡಕ್ಕಿತ್ತು. ನಜಮಾ ಕಾರ್ಡು ಹಿಡಿದು ಕಾಯುತ್ತಿರುತ್ತಾಳೆ, ಇವತ್ತು ಓದಿ ಹೇಳಬಹುದಿತ್ತು. ಗೈಬುಸಾಬ ಬಲಕ್ಕೆ ಹೊರಳಿ, ಬಸ್ ಸ್ಟ್ಯಾಂಡಿನ ಕಡೆ, ವಯಸ್ಸಿಗೆ ತಕ್ಕದ್ದಲ್ಲದ ನಡಿಗೆಯಲ್ಲಿ ನಡೆದ.

ಬಬಲೇಶ್ವರಕ್ಕೆ ಹೋಗುವ ಕಡೆಯ ಬಸ್ಸು ಹೊರಡುವುದರಲ್ಲಿತ್ತು. ಮುಂಜಾನೆಯ ಕಂಡಕ್ಟರನೇ ಬಾಗಿಲಲ್ಲಿ ನಿಂತಿದ್ದ.

"ಏನ ಚಾಚಾ, ಮತ್ತ ಬಂದ್ರಿ! ಗಳ ಎಲ್ಲೈತಿ?"

"ಬಿಟ್ಟ ಬಂದೆ."

"ಗಳ ಇಲ್ಲದ ಏನ ಅಳೀತೀರಿ ಈಗ?"

"ಅಳಿಯಾಕಲ್ಲ. ಹೇಳಾಕ."

"ಏನ ಹೇಳಾಕ?"

ಗೈಬುಸಾಬ ಹಿಡಿಕೆ ಹಿಡಿದು ಮೇಲೆ ಹತ್ತಿದ. ಅಂಗೈಯ ಮಸಿ, ಹಗಲೆಲ್ಲ ಮುಟ್ಟಿದ ಮನೆಗಳ ಮಸಿ, ತೊಯ್ದ ಹಿಡಿಕೆಗೆ ಹತ್ತಿತು. ಹಿಂದೆ ಹತ್ತಿದವರು ಅದನ್ನೇ ಹಿಡಿದು, ಥೂ ಅಂದು, ಕೈ ಒರೆಸಿಕೊಂಡರು. ಬಸ್ಸು ಊರು ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಪೀರಾಂಬಿ ಬಾಗಿಲು ತೆರೆದ ಕೂಡಲೇ ಮೊದಲು ಯಾವ ಮಾತು, ಹೊರಗೆ ಬಾ ಅನ್ನುವುದೋ, ಇಲ್ಲ ಅಂತ ಬರೆಸಿದೆ ಅನ್ನುವುದೋ, ಅಂತ ನಾಲಿಗೆಯಲ್ಲಿ ಹೊರಳಿಸಿ ನೋಡಿದ. ಮುಂಜಾನೆ ಚಹಾ ಸುಟ್ಟ ಜಾಗ ಇನ್ನೂ ಉರಿಯುತ್ತಿತ್ತು.